ಫ್ರೀ ಎಂದು ಕಾಣುವ ಪುಟಗಳೆಲ್ಲ ಸಿಗುವ ಪುಟಗಳಲ್ಲ

ಲಿನಕ್ಸ್‌ನ ತಿರುಳಾದ ಕರ್ನಲ್ ಮೆಮೊರಿಯನ್ನು ‘ಪುಟ’ಗಳೆಂಬ ತುಂಡುಗಳಲ್ಲಿ ಹಂಚುತ್ತದೆ. ಸಾಮಾನ್ಯ 4 ಕೆಬಿಗಿಂತ ದೊಡ್ಡದಾದ ಪುಟಗಳ ಬಳಕೆ ತಿಳಿಯಲು, ಮೆಮೊರಿಯ ಲೆಕ್ಕ ತೋರಿಸುವ ಮೆಮ್‌ಇನ್ಫೊ ಕಡತದ ‘ಹ್ಯೂಜ್‌ಪೇಜಸ್ ಫ್ರೀ’ ಸಾಲನ್ನು ನೋಡಿದರೆ ಸಾಕು ಎಂದು ಈ ವಿಷಯದ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ವಿಜಯಪುರದಲ್ಲಿ ಡೇಟಾಬೇಸ್ ಸರ್ವರ್‌ಗಳನ್ನು ನೋಡಿಕೊಳ್ಳುವ ನಾನು ಇದನ್ನು ಒಪ್ಪಲಾರೆ. ಡೇಟಾಬೇಸ್ ಆರಂಭವಾಗುವಾಗ ತನಗೆ ಬೇಕಾದ ಪುಟಗಳನ್ನು ಕಾಯ್ದಿರಿಸಿಕೊಂಡರೂ, ಆ ಜಾಗವನ್ನು ಮೊದಲ ಸಲ ಮುಟ್ಟುವವರೆಗೆ ಕರ್ನಲ್ ಅವುಗಳನ್ನು ಫ್ರೀ ಲೆಕ್ಕದಲ್ಲಿಯೇ ತೋರಿಸುತ್ತಿರುತ್ತದೆ. ಹೀಗಾಗಿ ಫ್ರೀ ಸಾಲಿನಲ್ಲಿ 900, ಅದರ ಕೆಳಗಿನ ‘ರಿಸರ್ವ್ಡ್’ ಸಾಲಿನಲ್ಲಿ 850 ಇದ್ದರೆ, ಬೇರೆ ಪ್ರೋಗ್ರಾಮಿಗೆ ಉಳಿದಿರುವುದು 50 ಪುಟ, ಅಂದರೆ 2 ಎಂಬಿ ಗಾತ್ರದ ಪುಟವಾದರೆ 100 ಎಂಬಿ ಮಾತ್ರ. ಈ ಕಳೆಯುವ ಲೆಕ್ಕವನ್ನು ಲೇಖನದಲ್ಲಿ ಸೇರಿಸಲೇಬೇಕು. ಓಡುತ್ತಿರುವ ಪ್ರೋಗ್ರಾಮುಗಳನ್ನು (ಪ್ರೋಸೆಸ್‌ಗಳನ್ನು) ಪಟ್ಟಿ ಮಾಡುವ ‘ಟಾಪ್’ ಆದೇಶ ತೋರಿಸುವ ರೆಸಿಡೆಂಟ್ ಮೆಮೊರಿಯಲ್ಲಿಯೂ, ಅಂದರೆ ಪ್ರೋಸೆಸ್ ಆ ಹೊತ್ತಿಗೆ ಹಿಡಿದಿರುವ ಮೆಮೊರಿಯ ಲೆಕ್ಕದಲ್ಲಿಯೂ, ಈ ಪುಟಗಳು ಸೇರುವುದಿಲ್ಲ. ಅವುಗಳನ್ನು ಆಯಾ ಪ್ರೋಸೆಸ್‌ನ ಸ್ಟೇಟಸ್ ಕಡತದಲ್ಲಿ ಪ್ರತ್ಯೇಕವಾಗಿ ಹುಡುಕಬೇಕು.

2011ರಲ್ಲಿ ಕರ್ನಲ್ 2.6.38ರೊಂದಿಗೆ ಬಂದ ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್‌ಗಳ, ಅಂದರೆ ಕರ್ನಲ್ ತಾನಾಗಿಯೇ ಒದಗಿಸುವ ದೊಡ್ಡ ಪುಟಗಳ, ಲೆಕ್ಕವೇ ಬೇರೆ. ಅವು ಮೇಲಿನ ದೊಡ್ಡ ಪುಟಗಳಿಗಾಗಿ ಎತ್ತಿಟ್ಟ ಸಂಗ್ರಹದಿಂದ ಬರುವುದಿಲ್ಲವಾದ್ದರಿಂದ ಫ್ರೀ ಸಾಲು ಅವುಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ದೊಡ್ಡ ಪುಟ ಕೇಳಿದಾಗ ಎಷ್ಟು ಸಲ ಸಿಕ್ಕಿತು, ಎಷ್ಟು ಸಲ ಸಿಗದೆ 4 ಕೆಬಿ ಪುಟಗಳಿಗೆ ಇಳಿಯಬೇಕಾಯಿತು ಎಂಬುದು ಕರ್ನಲ್ ತನ್ನ ಮೆಮೊರಿ ಎಣಿಕೆಗಳನ್ನು ತೋರಿಸುವ ವಿಎಂಸ್ಟ್ಯಾಟ್ ಕಡತದ ‘ಫಾಲ್ಟ್ ಅಲಾಕ್’ ಮತ್ತು ‘ಫಾಲ್ಟ್ ಫಾಲ್‌ಬ್ಯಾಕ್’ ಎಣಿಕೆಗಳಿಂದ ತಿಳಿಯುತ್ತದೆ. ಆದರೆ ಇವು ಯಂತ್ರ ಬೂಟ್ ಆದಾಗಿನಿಂದ ಏರುತ್ತಲೇ ಹೋಗುವ ಮೊತ್ತಗಳಾಗಿರುವುದರಿಂದ, ಸರ್ವರ್ ನಿಧಾನವಾದ ಹೊತ್ತಿನಲ್ಲಿ ಎರಡು ಸಲ ಓದಿ ನಡುವಿನ ವ್ಯತ್ಯಾಸವನ್ನು ತೆಗೆಯಬೇಕಾಗುತ್ತದೆ.