ಆನ್ ಆಯ್ತಲ್ಲ ಮೇಡಂ, ಅಂತೆ!

ರಿಪೇರಿಗೆ ಕೊಟ್ಟಿದ್ದ ನನ್ನ ಲ್ಯಾಪ್‌ಟಾಪನ್ನು ಅಂಗಡಿಯವರು ಫಾರ್ಮ್ಯಾಟ್ ಮಾಡಿ, ಇದ್ದದ್ದನ್ನೆಲ್ಲ ಅಳಿಸಿಬಿಟ್ಟಿದ್ದಾರೆ. ಒಂದು ಮಾತು ಕೇಳಲಿಲ್ಲ, ಒಂದು ಫೋನ್ ಮಾಡಲಿಲ್ಲ. ಈಗ ತಾನೇ ಮನೆಗೆ ಬಂದೆ. ಕೈ ಇನ್ನೂ ನಡುಗುತ್ತಿದೆ.

ಕೌಂಟರಿನಲ್ಲಿದ್ದ ಹುಡುಗ ಲ್ಯಾಪ್‌ಟಾಪ್ ತೆರೆದು ನನ್ನ ಕಡೆ ತಿರುಗಿಸಿದ. "ನೋಡಿ ಮೇಡಂ, ಹೊಸದರ ಥರ ಆಗಿದೆ" ಅಂದ. ಹೌದು, ಹೊಸದರ ಥರಾನೇ ಇತ್ತು. ಸ್ಕ್ರೀನ್ ಮೇಲೆ ರೀಸೈಕಲ್ ಬಿನ್ ಬಿಟ್ಟರೆ ಬೇರೇನೂ ಇಲ್ಲ. ಡಾಕ್ಯುಮೆಂಟ್ಸ್ ತೆರೆದೆ, ಖಾಲಿ. ಪಿಕ್ಚರ್ಸ್ ತೆರೆದೆ, ಖಾಲಿ. ಅಣ್ಣನ ಫೋಲ್ಡರ್ ಇಟ್ಟಿದ್ದ ಡಿ ಡ್ರೈವ್ ಕಾಣಿಸಲೇ ಇಲ್ಲ.

"ನನ್ನ ಫೈಲ್‌ಗಳು ಎಲ್ಲಿ?" ಅಂದೆ.

"ಯಾವ ಫೈಲ್?" ಅಂದ. ಆಮೇಲೆ ಡ್ರಾಯರಿನಿಂದ ಚೀಟಿ ತೆಗೆದು, ಅಂಗಡಿಯಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ ಓದಿದ. "ಕಂಪ್ಲೇಂಟ್: ಆನ್ ಆಗುತ್ತಿಲ್ಲ. ಇಷ್ಟೇ ಬರೆದಿರೋದು. ಆನ್ ಆಯ್ತಲ್ಲ ಮೇಡಂ?"

ಆ ಚೀಟಿ ಬರೆದವನು ಅವನೇ! ನಾನು ಎದುರಿಗೇ ನಿಂತು ಹೇಳಿದ್ದೆ: ಮೆಷಿನ್ ಹೋದರೆ ಹೋಗಲಿ, ಫೈಲ್ ಮುಖ್ಯ, ಏನು ಮಾಡುವುದಿದ್ದರೂ ಮೊದಲು ನನ್ನನ್ನು ಕೇಳಿ. ಅವನು ತಲೆಯಾಡಿಸಿದ್ದ. ಡಿಸ್ಕಿಗೆ ಬೀಗ ಹಾಕಿಡುವ ಬಿಟ್‌ಲಾಕರ್ ಇದೆಯಲ್ಲ, ಅದನ್ನು ತೆರೆಯುವ ರಿಕವರಿ ಕೀ ಬರೆದ ಹಾಳೆಯನ್ನೂ ತೆಗೆದುಕೊಂಡು ಹೋಗಿದ್ದೆ. 48 ಅಂಕಿ, ಒಂದೊಂದನ್ನೂ ಸರಿನೋಡಿ ಬರೆದಿದ್ದೆ. "ಅದೆಲ್ಲ ಬೇಡ ಮೇಡಂ, ಇಟ್ಕೊಳಿ" ಅಂದಿದ್ದ. ಆಗಲೇ ಲ್ಯಾಪ್‌ಟಾಪ್ ವಾಪಸ್ ತರಬೇಕು ಅಂತ ಯಾರಿಗೆ ತಾನೇ ಹೊಳೆಯುತ್ತದೆ?

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಯಾರೋ "ಬ್ಯಾಕಪ್ ಇಟ್ಕೋಬೇಕಿತ್ತು" ಅಂದರು. ಇನ್ನೊಬ್ಬರು "ಹೌದೌದು" ಅಂದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಳಿಸಿದವನನ್ನು ಯಾರೂ ನೋಡಲಿಲ್ಲ. ಗಂಟಲು ಕಟ್ಟಿಬಂತು. ಅಲ್ಲಿ ಅಳಬಾರದು ಅಂತ ಚಾರ್ಜರ್ ವೈರ್ ಸುತ್ತುತ್ತಾ ನಿಂತೆ. ಕೇಳಿದಷ್ಟು ದುಡ್ಡನ್ನೂ ಕೊಟ್ಟೆ. ಯಾಕೆ ಕೊಟ್ಟೆನೋ ಗೊತ್ತಿಲ್ಲ.

ಬ್ಯಾಕಪ್ ಇತ್ತು ರೀ! ಅದರ ನಂತರದ ಕೆಲಸ ಅದರಲ್ಲಿ ಇರಲಿಲ್ಲ, ಅಷ್ಟೇ. ಬ್ಯಾಕಪ್ ಇಲ್ಲದ ಫೈಲ್ ಅಂದರೆ ಯಾರು ಬೇಕಾದರೂ ಅಳಿಸಬಹುದು ಅಂತ ಅರ್ಥವಾ? ಬೇರೆ ಪ್ರತಿ ಇಲ್ಲ ಅಂದಮೇಲೆ ಇನ್ನೂ ಜಾಸ್ತಿ ಹುಷಾರಾಗಿ ಮುಟ್ಟಬೇಕು ಅಲ್ವಾ?

ಹೋಗಲಿ ಬಿಡಿ. ಹೋದದ್ದು ಹೋಯ್ತು.

ಇಲ್ಲ, ಬಿಡೋಕೆ ಆಗುತ್ತಿಲ್ಲ. ಯಾಕೆಂದರೆ ಅದು ಸತ್ತ ಮೆಷಿನ್ ಆಗಿರಲಿಲ್ಲ. ಲೈಟ್ ಬರುತ್ತಿತ್ತು, ಫ್ಯಾನ್ ತಿರುಗುತ್ತಿತ್ತು, ಕಂಪನಿ ಲೋಗೋ ಬರುತ್ತಿತ್ತು. ಆಮೇಲೆ ರಿಪೇರಿ ಆಗಲಿಲ್ಲ ಅನ್ನುವ ನೀಲಿ ಸ್ಕ್ರೀನ್. ವಿಂಡೋಸ್ ಶುರುವಾಗದಿದ್ದರೆ ಫೈಲ್ ಹೋಗಿದೆ ಅಂತ ಅಲ್ಲ. ಬೂಟ್ ಆಗಲು ಬೇಕಾದ ಫೈಲ್ ಕೆಟ್ಟಿರಬಹುದು, ಅಪ್‌ಡೇಟ್ ಅರ್ಧಕ್ಕೆ ನಿಂತಿರಬಹುದು. ನಮ್ಮ ಫೋಟೋ, ನಮ್ಮ ಬರಹ ಡಿಸ್ಕಿನಲ್ಲಿ ತಮ್ಮ ಪಾಡಿಗೆ ತಾವು ಇರುತ್ತವೆ. ಫೈಲ್ ಇರುವ ಆ ಡಿಸ್ಕನ್ನು, ಅಂದರೆ ಎಸ್‌ಎಸ್‌ಡಿಯನ್ನು, ಬಿಚ್ಚಿ, ಒಂದು ಯುಎಸ್‌ಬಿ ಕೇಸಿಗೆ ಹಾಕಿ, ಬೇರೆ ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿದ್ದರೆ ಅದು ಬಿಟ್‌ಲಾಕರ್ ಕೀ ಕೇಳುತ್ತಿತ್ತು. ಕೀ ನನ್ನ ಕೈಯಲ್ಲೇ ಇತ್ತು! ಬಿಚ್ಚುವುದೂ ಬೇಡ ಅಂದರೆ, ಅದೇ ನೀಲಿ ಸ್ಕ್ರೀನಿನಿಂದ ಆದೇಶ ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟಿಗೆ ಹೋಗಿ ನೋಟ್‌ಪ್ಯಾಡ್ ತೆರೆದು, ಅದರ ಓಪನ್ ಕಿಟಕಿಯಿಂದಲೇ ಬೇಕಾದ ಫೋಲ್ಡರ್‌ಗಳನ್ನು ಪೆನ್‌ಡ್ರೈವಿಗೆ ಕಾಪಿ ಮಾಡಬಹುದಿತ್ತು. ಇದೆಲ್ಲ ಅಪರೂಪದ ವಿದ್ಯೆಯೇನಲ್ಲ. ರಿಪೇರಿಯನ್ನೇ ಕಸುಬು ಮಾಡಿಕೊಂಡವರಿಗೆ ಗೊತ್ತಿರಲೇಬೇಕು. ಗೊತ್ತಿಲ್ಲದಿದ್ದರೆ "ನನ್ನ ಕೈಲಾಗಲ್ಲ" ಅಂದು ಹಾಗೇ ವಾಪಸ್ ಕೊಡಬೇಕಿತ್ತು. ಹಾಗೆ ಕೊಟ್ಟಿದ್ದರೆ ನಾನು ಕೈಮುಗಿಯುತ್ತಿದ್ದೆ.

ಫಾರ್ಮ್ಯಾಟ್ ಮಾಡುವುದು ಅವರಿಗೆ ಸುಲಭ, ಅದಕ್ಕೇ ಮಾಡುತ್ತಾರೆ. ಇದು ಎಲ್ಲ ಕಡೆ ನಡೆಯುವುದೇ ಅಂತಾರೆ. ಎಲ್ಲ ಕಡೆ ನಡೆದರೆ ಸರಿಯಾಗಿಬಿಡುತ್ತದಾ?

ಯಾರಾದರೂ ರಿಪೇರಿ ಮಾಡುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಉತ್ತರ ಕೊಡಿ. "ಡೇಟಾ ಬೇಕಾ, ಬೇಡವಾ" ಅಂತ ನಿಮ್ಮ ಚೀಟಿಯಲ್ಲಿ ಒಂದು ಸಾಲು ಯಾಕೆ ಇರುವುದಿಲ್ಲ? ಅಳಿಸುವ ಮುಂಚೆ ಒಂದು ಫೋನ್ ಮಾಡಲು ಏನು ಕಷ್ಟ?

ರಿಕವರಿ ಸಾಫ್ಟ್‌ವೇರ್ ಹಾಕಿ ನೋಡಿ ಅಂತ ಹೇಳಬೇಡಿ. ಹಳೇ ಹಾರ್ಡ್ ಡಿಸ್ಕ್ ಆಗಿದ್ದರೆ, ಕ್ವಿಕ್ ಫಾರ್ಮ್ಯಾಟ್ ಆದಮೇಲೂ ಹುಡುಕಿದರೆ ಏನಾದರೂ ಸಿಗುತ್ತಿತ್ತು. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅನ್ನುವುದು ಇರುತ್ತದೆ. ಫಾರ್ಮ್ಯಾಟ್ ಮಾಡಿದ ಕೂಡಲೇ, ಈ ಜಾಗವೆಲ್ಲ ಬೇಡ ಅಂತ ಅದು ಡ್ರೈವಿಗೇ ಹೇಳಿಬಿಡುತ್ತದೆ, ಆಮೇಲೆ ಡ್ರೈವೇ ಅಲ್ಲಿದ್ದದ್ದನ್ನು ಖಾಲಿ ಮಾಡುತ್ತದೆ. ಅದರ ಮೇಲೆ ಬಿಟ್‌ಲಾಕರ್ ಬೇರೆ, ಫಾರ್ಮ್ಯಾಟ್ ಮಾಡಿದಾಗ ಆ ಬೀಗವೂ ಹೋಯ್ತು. ಬೀಗವೇ ಇಲ್ಲದ ಮೇಲೆ ಈ 48 ಅಂಕಿ ಇಟ್ಟುಕೊಂಡು ಏನು ಮಾಡಲಿ?

ಆದರೂ ಕೇಳುತ್ತೇನೆ. ಇಂಥ ಸ್ಥಿತಿಯಲ್ಲಿ ಒಂದೇ ಒಂದು ಫೈಲ್ ಆದರೂ ವಾಪಸ್ ಪಡೆದವರು ಇದ್ದೀರಾ? ಇದ್ದರೆ ಈಗಲೇ ಹೇಳಿ. ಡಿಸ್ಕಿನ ಮೇಲೆ ಹೊಸದಾಗಿ ಏನೂ ಬರೆಯಬಾರದು ಅಂತ ಮನೆಗೆ ತಂದಮೇಲೆ ಲ್ಯಾಪ್‌ಟಾಪ್ ಆನ್ ಮಾಡಿಲ್ಲ. ಇದನ್ನು ಫೋನಿನಲ್ಲಿ ಬರೆಯುತ್ತಿದ್ದೇನೆ.