ಒಲೆಗೆ ಸಿಮೆಂಟ್ ಬಳಿಯುವ ಪುಣ್ಯಾತ್ಮರಿಗೆ

ನಾನು ಮಾರ್ಕೆಟ್‌ಗೆ ಹೋಗಿ ಬರುವುದರೊಳಗೆ ಕಾಕಾ ನಮ್ಮ ಬಿಸಿಗೋಡೆಗೆ, ಅಂದ್ರೆ ಒಲೆಯ ಬಿಸಿ ಹಿಡಿದಿಟ್ಟು ಕೋಣೆ ಬೆಚ್ಚಗಿಡುವ ಇಟ್ಟಿಗೆ ಗೋಡೆಗೆ, ಸಿಮೆಂಟ್ ಬಳಿಸಿಬಿಟ್ಟಿದ್ದಾರೆ. ಬೂದು ಬಣ್ಣದ ನೀಟಾದ ಪ್ಲಾಸ್ಟರ್. ಮೇಲೆ ನೀರು ಚಿಮುಕಿಸಿ ಕ್ಯೂರಿಂಗ್ ಬೇರೆ! ಗೌಂಡಿ ಚಹಾ ಕುಡಿದು, ದುಡ್ಡು ತಗೊಂಡು ಹೋಗಿಯೂ ಆಗಿದೆ. "ಬಿರುಕು ಬಿಟ್ಟಿತ್ತಪ್ಪ, ಗಟ್ಟಿ ಮಾಡಿಸೀನಿ ನೋಡು" ಅಂತ ಕಾಕಾ ಮುಖ ಅರಳಿಸಿಕೊಂಡು ನಿಂತಿದ್ದರು. ಹಿರಿಯರು, ಏನು ಹೇಳೋದು? "ಛಲೋ ಆಯ್ತು ಕಾಕಾ" ಅಂದು ಒಳಗೆ ಬಂದು ಇದನ್ನು ಟೈಪ್ ಮಾಡ್ತಿದ್ದೇನೆ. ಅವರು ಫೇಸ್‌ಬುಕ್‌ನಲ್ಲಿ ಇಲ್ಲ. ದಯವಿಟ್ಟು ಯಾರೂ ಹೋಗಿ ಓದಿ ಹೇಳಬೇಡಿ.

ಬಿಸಿಗೋಡೆ ಕಥೆ ಗೊತ್ತಿಲ್ಲದವರಿಗೆ ಹೇಳ್ತೀನಿ. ಬೀದರಿನ ಚಳಿಗೆ ಅವ್ವನ ಮೊಣಕಾಲು ಹಿಡಿದುಕೊಳ್ಳುತ್ತದೆ ಅಂತ ಶುರುವಾದ ಕೆಲಸ. ಸಂಜೆ ಒಂದು ತಾಸು ಜೋರಾಗಿ ಬೆಂಕಿ ಹಾಕಬೇಕು. ಹೊಗೆ ನೇರ ಚಿಮಣಿಗೆ ಹೋಗದೆ ಇಟ್ಟಿಗೆಯ ದಾರಿಯಲ್ಲಿ ಮೇಲೆ ಹೋಗಿ, ಕೆಳಗಿಳಿದು, ತನ್ನ ಬಿಸಿಯನ್ನೆಲ್ಲ ಗೋಡೆಗೆ ಕೊಟ್ಟು ಆಮೇಲೆ ಹೊರಗೆ ಹೋಗುತ್ತದೆ. ಬೆಂಕಿ ಆರಿದ ಮೇಲೂ ಗೋಡೆ ಬೆಳಗಿನ ತನಕ ಬೆಚ್ಚಗಿರುತ್ತದೆ. ರಷ್ಯಾ, ಫಿನ್ಲೆಂಡ್ ಕಡೆ ನೂರಾರು ವರ್ಷಗಳಿಂದ ಇದನ್ನೇ ಮಾಡಿಕೊಂಡು ಬಂದಿದ್ದಾರೆ. ನಮ್ಮದು ಅದರ ಬಡ ತಮ್ಮ, ತೊಗರಿ ಕಟ್ಟಿಗೆ ತಿನ್ನುತ್ತದೆ ಅಷ್ಟೇ.

ಈಗ ಸಿಮೆಂಟ್ ವಿಷಯ. ನಮ್ಮ ಜನಕ್ಕೆ ಸಿಮೆಂಟ್ ಅಂದ್ರೆ ದೇವರ ಪ್ರಸಾದ. ಅಂಗಳ ಕೆಸರಾದರೆ ಸಿಮೆಂಟ್. ಕಟ್ಟೆ ಕುಸಿದರೆ ಸಿಮೆಂಟ್. ಬೇವಿನ ಮರದ ಬುಡ ಕಂಡರೂ ಸುಮ್ಮನಿರಲ್ಲ, ಸುತ್ತ ಸಿಮೆಂಟ್. ಇರಲಿ, ಒಲೆಗೂ ಯಾಕೆ? ಸಿಮೆಂಟ್ ಗಟ್ಟಿಯಾಗೋದೇ ನೀರಿನ ಜೊತೆ ಸೇರಿ. ಆ ನೀರು ಅದರೊಳಗೇ ಕೂತಿರುತ್ತದೆ. ಬಿಸಿ 300 ಡಿಗ್ರಿ ದಾಟಿದರೆ ಅದರ ಶಕ್ತಿ ಇಳಿಯುತ್ತಾ ಹೋಗುತ್ತದೆ. 400ರಿಂದ 500ರ ಹತ್ತಿರ ಅದರೊಳಗಿನ ಸುಣ್ಣದ ಅಂಶ ನೀರು ಬಿಟ್ಟುಕೊಡುತ್ತದೆ. ಆಮೇಲೆ ಒಂದು ಮಳೆಗಾಲದ ತೇವ ಕುಡಿದು ಉಬ್ಬಿ ಪುಡಿಯಾಗುತ್ತದೆ. ಒಣಗಿದ ತೊಗರಿ ಕಟ್ಟಿಗೆ ಸರಿಯಾಗಿ ಹತ್ತಿಕೊಂಡರೆ ಬೆಂಕಿಗೂಡಿನೊಳಗೆ ಇದಕ್ಕಿಂತ ಎಷ್ಟೋ ಜಾಸ್ತಿ ಬಿಸಿ ಇರುತ್ತದೆ.

"ಕಾಕಾ ಬಳಿಸಿದ್ದು ಹೊರಗೆ ಅಲ್ವಾ, ಅಲ್ಲಿ ಅಷ್ಟು ಬಿಸಿ ಎಲ್ಲಿದೆ?" ಅಂತೀರಿ. ಸರಿ, ಹೊರಗೋಡೆಯದ್ದು ಬಿಡಿ. ನನಗೆ ಹೊಟ್ಟೆ ಉರಿದದ್ದು ಬಾಗಿಲು ನೋಡಿ. ಬೆಂಕಿಗೂಡಿನ ಬಾಗಿಲಿನ ಕಬ್ಬಿಣದ ಚೌಕಟ್ಟಿನ ಸುತ್ತ ನಾನು ಬೇಕಂತಲೇ ಬಿಟ್ಟಿದ್ದ ಸಂದಿಗೂ ಸಿಮೆಂಟ್ ತುಂಬಿಸಿದ್ದಾರೆ. ಕಾಕಾ ಕಣ್ಣಿಗೆ ಅದೇ ಬಿರುಕು! ಕಬ್ಬಿಣ ಬಿಸಿಯಾದಾಗ ಇಟ್ಟಿಗೆಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಒಂದು ಮೀಟರ್ ಕಬ್ಬಿಣ 500 ಡಿಗ್ರಿ ಬಿಸಿ ಏರಿದರೆ 6 ಮಿಲಿಮೀಟರ್ ಉದ್ದವಾಗುತ್ತದೆ. ನಮ್ಮದು ಒಂದಡಿ ಚೌಕಟ್ಟು, ಹೆಚ್ಚುಕಮ್ಮಿ 2 ಮಿಲಿಮೀಟರ್ ಜಾಗ ಅದಕ್ಕೆ ಬೇಕೇ ಬೇಕು. ಜಾಗ ಕೊಡದಿದ್ದರೆ ಅದು ಪಕ್ಕದ ಇಟ್ಟಿಗೆಯನ್ನು ದೂಡುತ್ತದೆ, ಇಟ್ಟಿಗೆ ಸೀಳುತ್ತದೆ. ಆಗ ಕಾಕಾ ಮತ್ತೆ ಗೌಂಡಿಗೆ ಫೋನ್ ಮಾಡ್ತಾರೆ.

ಒಲೆಯ ಇಟ್ಟಿಗೆಗಳ ನಡುವಿನ ಸಂದಿಗೆ ಮಣ್ಣು ಹಾಕೋದು ದುಡ್ಡಿಲ್ಲ ಅಂತಲ್ಲ ಸ್ವಾಮಿ. ಇಟ್ಟಿಗೆಗಿಂತ ಸಂದು ಮೆತ್ತಗಿರಬೇಕು. ಒಲೆ ದಿನಾ ಹಿಗ್ಗುತ್ತದೆ, ದಿನಾ ಕುಗ್ಗುತ್ತದೆ. ಏನಾದರೂ ಬಿರುಕು ಬಿಡಲೇಬೇಕು ಅಂದರೆ ಅದು ಮಣ್ಣಾಗಲಿ. ಮಣ್ಣಾದರೆ ಮಾರನೇ ದಿನ ಒದ್ದೆ ಕೈಯಲ್ಲಿ ಸವರಿ ಮುಚ್ಚಬಹುದು. ಸಿಮೆಂಟ್ ಹಾಕಿದ ಸಂದು ತಾನು ಬಿರುಕು ಬಿಡಲ್ಲ, ಇಟ್ಟಿಗೆಯನ್ನೇ ಒಡೆಯುತ್ತದೆ.

ಮಣ್ಣಲ್ಲೂ ಎಲ್ಲ ಮಣ್ಣು ನಡೆಯಲ್ಲ. ಹೊಲದ ಎರೆಮಣ್ಣು ಒಣಗಿದರೆ ಬೇಸಿಗೆ ಹೊಲದ ಹಾಗೇ ಬಾಯಿ ಬಿಡುತ್ತದೆ. ಬೀದರಿನ ಕೆಂಪು ಮಣ್ಣು ಇದಕ್ಕೆ ಸರಿ. ಜರಡಿ ಹಿಡಿದು, ರಾತ್ರಿ ನೆನೆಹಾಕಿ, ಒಂದು ಪಾಲು ಮಣ್ಣಿಗೆ ಎರಡೋ ಮೂರೋ ಪಾಲು ಮರಳು. ಬೇರೆಬೇರೆ ಪ್ರಮಾಣದಲ್ಲಿ ಕಲಸಿ ಚಿಕ್ಕ ಬಿಲ್ಲೆ ತಟ್ಟಿ ನೆರಳಲ್ಲಿ ಒಣಗಿಸಬೇಕು. ಬಿರುಕು ಬಿಡದೆ, ಉಗುರಿಗೆ ಉದುರದೆ ಉಳಿದ ಬಿಲ್ಲೆ ಯಾವುದೋ ಅದೇ ಅಳತೆ.

ಇನ್ನೊಬ್ಬ ದೊಡ್ಡ ಮನುಷ್ಯರು ಬಂದು, ಒಳಗೆ ಶಹಾಬಾದ್ ಪರಶಿ ಹಾಸು, ಜನ್ಮಕ್ಕೆ ಸವೆಯಲ್ಲ ಅಂದರು. ಅದು ಸುಣ್ಣದ ಕಲ್ಲು ರೀ! ಪದರ ಪದರ ಇರುತ್ತದೆ, ಬಿಸಿ ತಾಗಿದರೆ ಚಟಪಟ ಸಿಡಿಯುತ್ತದೆ. ಇನ್ನೂ ಸುಟ್ಟರೆ ಸುಣ್ಣವಾಗುತ್ತದೆ. ಸೇಡಂ ಕಡೆ ಆ ಕಲ್ಲನ್ನು ಸುಡೋದೇ ಸಿಮೆಂಟ್ ಮಾಡೋಕೆ. ಅಂದ್ರೆ ಸುತ್ತಿ ಬಳಸಿ ಮತ್ತೆ ಸಿಮೆಂಟ್!

ನಮ್ಮ ಬೀದರಿನ ಮಹಮೂದ್ ಗವಾನ್ ಮದರಸಾ 1472ರದು. ಪೋರ್ಟ್‌ಲ್ಯಾಂಡ್ ಸಿಮೆಂಟ್‌ಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ದಿನಾ ಆ ಮದರಸಾ ಮುಂದೆಯೇ ಓಡಾಡಿಕೊಂಡು "ಸಿಮೆಂಟ್ ಇಲ್ದೆ ಗೋಡೆ ನಿಲ್ಲಲ್ಲ" ಅನ್ನೋರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಾಗಾದ್ರೆ ಹಳೇ ಕಾಲದ ಗಚ್ಚು, ಅಂದ್ರೆ ಸುಣ್ಣದ ಗಾರೆ, ಹಾಕು ಅಂತ ಈಗ ಯಾರಾದರೂ ಹೇಳ್ತೀರಿ. ಗಚ್ಚೂ ಸುಣ್ಣವೇ. ಹೊರಗೋಡೆಗೆ ಸೈ, ಬೆಂಕಿಗೂಡಿಗೆ ಅದೂ ಬೇಡ.

ಇಷ್ಟೆಲ್ಲ ಯಾಕೆ, ಒಂದು ರೂಮ್ ಹೀಟರ್ ತಗೋ ಅಂತ ನನ್ನ ಭಾವ ವರ್ಷ ವರ್ಷ ಹೇಳ್ತಾರೆ. ಬೀದರಿನಲ್ಲಿ ಚಳಿ ಡಿಸೆಂಬರ್, ಜನವರಿ ಅಷ್ಟೇ ಅಲ್ವಾ ಅಂತ. ಹೌದು, ಅಷ್ಟೇ. ಆದರೆ ಆ ಅಷ್ಟರಲ್ಲೇ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. 2000 ವ್ಯಾಟ್ ಹೀಟರ್ ತಾಸಿಗೆ 2 ಯೂನಿಟ್ ಕುಡಿಯುತ್ತದೆ, ಕರೆಂಟ್ ಹೋದರೆ ತಣ್ಣಗೆ ಕೂತುಬಿಡುತ್ತದೆ. ಹೊಲದಲ್ಲಿ ತೊಗರಿ ಕಟ್ಟಿಗೆ ರಾಶಿ ಬಿದ್ದಿರುತ್ತದೆ. ಭಾವನ ಮಾತು ಇಲ್ಲಿಗೆ ಮುಗೀತು.

ನಿಜ ಹೇಳಲಾ? ಅವ್ವನ ಮೊಣಕಾಲು ಅರ್ಧ ನೆಪ. ಅವಳು ಎರಡು ಕಂಬಳಿ ಹೊದ್ದು ಹಾಯಾಗಿ ಇದ್ದುಬಿಡ್ತಿದ್ದಳು. ಬೆಂಕಿ ಮುಂದೆ ಕೂತರೆ ನನ್ನನ್ನು ಯಾರೂ ಯಾವ ಕೆಲಸಕ್ಕೂ ಕರೆಯಲ್ಲ. ಆ ಒಂದು ತಾಸು ನನ್ನದು. ಅದಕ್ಕೇ ಇಷ್ಟು ಸಿಟ್ಟು.

ಕಾಕಾಗೆ ಕಂಡ ಇನ್ನೊಂದು ದೋಷ ಹೊಗೆ. ಶುರುವಿನಲ್ಲಿ ಹೊಗೆ ಕೋಣೆಗೇ ವಾಪಸ್ ಬರ್ತಿತ್ತು. ಅದಕ್ಕೂ ಅವರ ಮದ್ದು ಸಿಮೆಂಟೇ, ಸಂದುಗೊಂದು ಮುಚ್ಚಿಸು ಅಂತ. ಚಿಮಣಿ ತಣ್ಣಗಿದ್ದರೆ ಅದರೊಳಗಿನ ಗಾಳಿ ಭಾರ, ಮೇಲೇರಲ್ಲ. ಬೂದಿ ತೆಗೆಯೋ ಕಿಂಡಿಯಲ್ಲಿ, ಚಿಮಣಿ ಬುಡಕ್ಕೆ, ಒಂದು ಹಳೆ ಪೇಪರ್ ಸುಟ್ಟರೆ ಎಳೆತ ಶುರುವಾಗುತ್ತದೆ. ಆಮೇಲೆ ಗೂಡಿಗೆ ಬೆಂಕಿ. ಹಸಿ ಜಾಲಿ ಕಟ್ಟಿಗೆ ಹಾಕೋದು ನಿಲ್ಲಿಸಿದ ಮೇಲೆ ಉಳಿದ ಹೊಗೆಯೂ ಹೋಯ್ತು. ಹೋದ ವರ್ಷದ ಒಣ ತೊಗರಿಯೇ ಸರಿ. ಬೇಗ ಉರಿಯುತ್ತದೆ, ಜೋರಾಗಿ ಉರಿಯುತ್ತದೆ. ಬಿಸಿಗೋಡೆಗೆ ಬೇಕಾದ್ದೂ ಅದೇ.

ಮಾಡಲು ಹೊರಟವರಿಗೆ ಒಂದೇ ಮಾತು, ಇದರಲ್ಲಿ ತಮಾಷೆ ಇಲ್ಲ. ಕೆಂಡ ಪೂರ್ತಿ ಆರುವ ಮೊದಲು ಚಿಮಣಿಯ ತಗಡು ಮುಚ್ಚಬೇಡಿ. ಬಿಸಿ ಉಳಿಸೋಣ ಅಂತ ಆಸೆಯಾಗುತ್ತದೆ. ಕಾರ್ಬನ್ ಮೋನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರು ಏಳಲ್ಲ.

ನಾಳೆ ಚೌಕಟ್ಟಿನ ಸುತ್ತ ಸಿಮೆಂಟ್ ಕೆತ್ತಬೇಕು, ಅದು ಪೂರ್ತಿ ಬಿಗಿಯುವ ಮೊದಲೇ. ಆ ಸಂದಿಗೆ ಸೆರಾಮಿಕ್ ಫೈಬರ್ ಹಗ್ಗ (ಬಿಸಿ ತಡೆಯುವ ಮೆತ್ತನೆ ಹಗ್ಗ) ತುರುಕಿದರೆ ಕಾಕಾ ಕಣ್ಣಿಗೂ ಬೀಳಲ್ಲ. ಈ ವಾರ ಯಾರಾದರೂ ಹೈದರಾಬಾದಿಗೆ ಹೋಗ್ತಿದ್ದರೆ ಎರಡು ಮೀಟರ್ ತನ್ನಿ, ದುಡ್ಡು ಫೋನ್‌ಪೇ ಮಾಡ್ತೀನಿ. ಇಲ್ಲಿ ನಾನು ಕೇಳಿದ ಅಂಗಡಿಯವರು ನೈಲಾನ್ ಹಗ್ಗ ತೋರಿಸಿದರು.