ಜಾತ್ರೆಯ ಗಂಟಿನಲ್ಲೊಂದು ತಾಟು

ನಮ್ಮವ್ವ ಜಾತ್ರೆಗೆ ಹೊರಟಳೆಂದರೆ ಕಂಕುಳಲ್ಲಿ ಒಂದು ಗಂಟು ಇರಲೇಬೇಕು. ಹಳೇ ಪತ್ತಲದ ತುಂಡಿನಲ್ಲಿ ಬಿಗಿದ ಆ ಗಂಟಿನೊಳಗೆ ಬುತ್ತಿ ರೊಟ್ಟಿ, ಶೇಂಗಾ ಚಟ್ನಿ, ಒಂದು ತಂಬಿಗೆ, ಎರಡು ಸ್ಟೀಲ್ ತಾಟು. ಗದುಗಿನ ತೋಂಟದಾರ್ಯರ ಜಾತ್ರೆಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತಿದ್ದೆವು. ಬಸ್ಸು ತೆಗ್ಗಿಗೆ ಇಳಿದಾಗಲೆಲ್ಲ ತಾಟು ತಂಬಿಗೆಗೆ ಬಡಿದು ಠಣ್ಣೆನ್ನುತ್ತಿತ್ತು, ಮಂದಿ ತಿರುಗಿ ನೋಡುತ್ತಿದ್ದರು. ಆಗಷ್ಟೇ ಹೈಸ್ಕೂಲು ಸೇರಿದ್ದ ನನಗೆ ಜೀವ ಹೋದಂತಾಗುತ್ತಿತ್ತು.

'ಯವ್ವಾ, ಅಲ್ಲೇ ಉಣ್ಣಾಕ ಎಲಿ ಪತ್ರೋಳಿ ಕೊಡ್ತಾರಲ್ಲ, ಇದನ್ಯಾಕ ಹೊರತಿ?' ಎಂದು ಒಮ್ಮೆ ಸಿಟ್ಟಿನಿಂದ ಕೇಳಿದೆ.

'ಕೊಡ್ತಾರ, ಇಲ್ಲನ್ನೂದಿಲ್ಲ. ತೀರಿ ಹೋದ್ರ? ತಾಟ ಇದ್ದಾಂವಗ ಅನ್ನ ತಪ್ಪೂದಿಲ್ಲ ತಗೋ.'

ಆಕೆಯ ಲೆಕ್ಕ ಅಷ್ಟೇ. ಪರಿಸರ ಎನ್ನುವ ಶಬ್ದ ಆಕೆಯ ಬಾಯಿಂದ ಒಮ್ಮೆಯೂ ಬಂದದ್ದಿಲ್ಲ. ಪತ್ರೋಳಿ ತೀರಿದ ಪಂಗ್ತಿಯ ಕೊನೆಯಲ್ಲಿ ಕೈ ಬೀಸಿಕೊಂಡು ನಿಲ್ಲಬಾರದೆಂಬ ಹಳ್ಳಿ ಹೆಂಗಸಿನ ಮುಂಜಾಗ್ರತೆ ಅದು.

ಈಗ ಜಾತ್ರೆಗೆ ತಾಟು ಹೊರುವವರಿಲ್ಲ. ಎಲ್ಲರ ಕೈಯಲ್ಲೂ ಮೊಬೈಲು, ಅದರಿಂದ ತೇರಿನ ಫೋಟೋ. ನಾನು ಮಾತ್ರ ವಯಸ್ಸಾದಂತೆ ತೇರಿನ ಮುಂದೆ ನಿಲ್ಲುವುದನ್ನು ಬಿಟ್ಟು ದಾಸೋಹದ ಪೆಂಡಾಲಿನ ಹಿಂದೆ ನಿಲ್ಲಲು ಕಲಿತಿದ್ದೇನೆ. ನೆರಳು ಇರುತ್ತದೆ, ಗದ್ದಲ ಕಡಿಮೆ. ಅಲ್ಲೊಂದು ಎರಡನೇ ತೇರು ನಿಂತಿರುತ್ತದೆ, ಉಂಡು ಒಗೆದ ಕಾಗದದ ತಾಟುಗಳದ್ದು. ಸಂಜೆಯ ಹೊತ್ತಿಗೆ ಅದು ಮೊದಲನೆಯದರ ಕಳಸ ನೋಡುವಷ್ಟು ಬೆಳೆದಿರುತ್ತದೆ. ಅದನ್ನು ಎಳೆಯಲು ಮಾತ್ರ ಯಾರೂ ಹಗ್ಗ ಹಿಡಿಯುವುದಿಲ್ಲ. ಬೆಳಗಿನ ಜಾವ ಪೌರಕಾರ್ಮಿಕರು ಬರಬೇಕು.

ಒಮ್ಮೆ ಅಂಥ ಒಂದು ತಾಟು ಎತ್ತಿಕೊಂಡು ಅಂಚು ಹರಿದು ನೋಡಿದೆ. ಉಳ್ಳಾಗಡ್ಡಿಯ ಸಿಪ್ಪೆಯಂಥ ತೆಳ್ಳನೆಯ ಪದರ ಬಿಚ್ಚಿಕೊಂಡು ಬಂತು. ಸಾರು ಸೋರದಿರಲೆಂದು ಕಾಗದಕ್ಕೆ ಹೊದಿಸಿದ ಪಾಲಿಥೀನು. ಚಹಾದ ಕಪ್ಪಿನೊಳಗೂ ಇರುವುದು ಇದೇ. ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ತಾಟು, ಲೋಟ, ಚಮಚ, ಥರ್ಮೋಕೋಲು, ಊಟದ ಟೇಬಲ್ಲಿಗೆ ಹಾಸುವ ಹಾಳೆ ಎಲ್ಲವನ್ನೂ 2016ರ ಮಾರ್ಚ್ 11ರಂದೇ ನಿಷೇಧಿಸಿದ್ದಾರೆ. 2022ರ ಜುಲೈ 1ರಿಂದ ಇವುಗಳಲ್ಲಿ ಬಹಳಷ್ಟಕ್ಕೆ ದೇಶದಲ್ಲೆಲ್ಲ ನಿಷೇಧ ಬಂತು. ಅಂಗಡಿಯವನನ್ನು ಕೇಳಿದರೆ 'ಪೇಪರ್ ಐತ್ರೀ ಸರ, ಪ್ಲಾಸ್ಟಿಕ್ ಎಲ್ಲೈತಿ ಇದರಾಗ?' ಎಂದು ತಾಟು ಬೋರಲು ಹಾಕಿ ತೋರಿಸುತ್ತಾನೆ. ಬೋರಲು ಹಾಕಿದರೆ ಅದು ಪೇಪರೇ. ಹೊಳಪೆಲ್ಲ ಅನ್ನ ಬೀಳುವ ಮಗ್ಗುಲಲ್ಲಿ. ಆಡು ಅದನ್ನು ಮೂಸುತ್ತದೆ, ನೆಕ್ಕುತ್ತದೆ, ಕಡೆಗೆ ಹೇಗೋ ಒಂದಿಷ್ಟು ನುಂಗುತ್ತದೆ. ದನದ ಹೊಟ್ಟೆ ಕೊಯ್ದು ಪ್ಲಾಸ್ಟಿಕ್ ಹೊರತೆಗೆದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಆ ಪೇಪರಿನಲ್ಲೇ ಮಿರ್ಚಿ ಕಟ್ಟಿಕೊಡುತ್ತಾರೆ.

ಬಳಸಿ ಬಿಸಾಡುವ ಚಟ ಪಶ್ಚಿಮದಿಂದ ಬಂತೆಂದು ಭಾಷಣಗಳಲ್ಲಿ ಹೇಳುವುದುಂಟು. ನನಗೇಕೋ ಆ ಮಾತು ಒಗ್ಗುವುದಿಲ್ಲ. ಪತ್ರೋಳಿ ಎಂದರೆ ಮತ್ತೇನು? ಮುತ್ತಲದ ಎಲೆಗಳನ್ನು ಕಡ್ಡಿ ಚುಚ್ಚಿ ದುಂಡಗೆ ಹೊಲಿದು ಒಣಗಿಸುವುದು, ಒಂದು ಸಲ ಉಂಡು ತಿಪ್ಪೆಗೆ ಒಗೆಯುವುದು. ಬಳಸಿ ಬಿಸಾಡುವುದರಲ್ಲಿ ನಾವು ಜಗತ್ತಿಗೇ ಹಿರಿಯಣ್ಣಂದಿರು. ನಮ್ಮ ತಿಪ್ಪೆಗೆ ಅದನ್ನು ಅರಗಿಸುವ ಶಕ್ತಿಯಿತ್ತು, ಅಷ್ಟೇ. ಇನ್ನೊಂದು ಮುಜುಗರದ ಸಂಗತಿಯೂ ಇದೆ. ಎಲೆಯನ್ನು ಒಗೆಯುತ್ತಿದ್ದದ್ದು ಅದು ಅಗ್ಗವೆಂಬ ಒಂದೇ ಕಾರಣಕ್ಕಲ್ಲ. ಯಾರೋ ಉಂಡ ತಾಟಿನಲ್ಲಿ ನಾವು ಉಣ್ಣುವುದು ಹೇಗೆಂಬ ಎಂಜಲಿನ ಲೆಕ್ಕ ಅದರ ಹಿಂದೆ ಗಟ್ಟಿಯಾಗಿ ಕೂತಿತ್ತು. ಆ ಎಂಜಲೆಲೆ ಎತ್ತುವವರು ಯಾರೆಂಬುದೂ ಮೊದಲೇ ಗೊತ್ತಾಗಿರುತ್ತಿತ್ತು. ಇಂದು ಬೆಳಗಿನ ಜಾವ ಪೆಂಡಾಲಿನ ಹಿಂದೆ ಬಾಗಿ ನಿಂತವರ ಮನೆತನ ಕೇಳಿದರೆ ಬಹಳಷ್ಟೇನೂ ಬದಲಾಗಿಲ್ಲ.

ಹಾಗೆಂದು ಹಿಂದಿನ ಜಾತ್ರೆಗಳು ಕನ್ನಡಿಯಂತಿದ್ದವೆಂದು ನಾನು ಹೇಳಲಾರೆ. ಜಾತ್ರೆ ಬಂತೆಂದರೆ ಕಾಲರಾ ಸೂಜಿ ಬಂತೆಂದು ನಮ್ಮ ಮುತ್ಯಾ ತೋಳು ನೀವಿಕೊಳ್ಳುತ್ತಿದ್ದ. ಅವನ ಕಾಲದ ಜಾತ್ರೆಯ ಕಸ ಕಣ್ಣಿಗೆ ಕಾಣದೆ ಕೆರೆಯ ನೀರಿನಲ್ಲಿ ಕರಗಿರುತ್ತಿತ್ತು. ಕಾಣುವ ಕಸವೇ ಎಷ್ಟೋ ವಾಸಿ ಅನ್ನಿಸುವುದು ಇಂಥ ನೆನಪುಗಳಿಂದ.

ಆದರೆ ತಾಟಿನ ಸಮಸ್ಯೆಯನ್ನು ನಮ್ಮ ಸೀಮೆಯವರು ಯಾವಾಗಲೋ ಬಗೆಹರಿಸಿ ಮರೆತಿದ್ದಾರೆ ಅನ್ನಿಸಿದ್ದು ಡಂಬಳದಲ್ಲಿ. ಮುಂಡರಗಿ ತಾಲೂಕಿನ ಈ ಊರಿನ ತೋಂಟದಾರ್ಯ ಮಠದ್ದು ರೊಟ್ಟಿ ಜಾತ್ರೆ ಎಂದೇ ಹೆಸರು. ಸುತ್ತಿನ ಊರುಗಳ ಹೆಣ್ಣುಮಕ್ಕಳು ಬಡಿದ ಖಡಕ್ ಜೋಳದ ರೊಟ್ಟಿ ಬಂದು ಸೇರುತ್ತವೆ. ಇಂಥ ಜಾತಿ ಅಂಥ ಜಾತಿ ಎನ್ನದೆ ಎಲ್ಲರೂ ಅದನ್ನೇ ಉಣ್ಣುತ್ತಾರೆ. ನಾನು ಹೋದಾಗ ಸರತಿಯಲ್ಲಿ ಕೈಯೊಡ್ಡಿದೆ. ರೊಟ್ಟಿ ಕೈಗೆ ಬಂತು, ರೊಟ್ಟಿಯ ಮೇಲೆ ಪಲ್ಯ ಬಂತು, ಪಲ್ಯದ ಮಗ್ಗುಲಿಗೆ ಕರಿಂಡಿ. ಹಾಗೇ ನಿಂತುಕೊಂಡು ಅಂಚಿನಿಂದ ಮುರಿಯುತ್ತ ಹೋದೆ. ಖಡಕ್ ರೊಟ್ಟಿ ಬಲು ಪ್ರಾಮಾಣಿಕ ವಸ್ತು. ಮೆತ್ತನೆಯ ಚಪಾತಿಯ ಹಾಗೆ ನಡುವೆಯೇ ಜೋತುಬಿದ್ದು ಮೋಸ ಮಾಡುವುದಿಲ್ಲ. ಆದರೆ ತಿನ್ನುವವನಿಗೆ ಸ್ವಲ್ಪ ವಾಸ್ತುಶಾಸ್ತ್ರ ಗೊತ್ತಿರಬೇಕು. ಮೊದಲೇ ನಡುವಿಗೆ ಕೈ ಹಾಕಿದಿರೋ, ಪಲ್ಯ ಮೊಣಕೈ ದಾಟಿ ಅಂಗಿಯ ತೋಳಿಗೆ ಇಳಿಯುತ್ತದೆ. ನನ್ನದು ಇಳಿಯಿತು. ಪಕ್ಕದಲ್ಲಿದ್ದ ಅಜ್ಜ ಒಂದು ಅಗುಳು ಚೆಲ್ಲದೆ ಸುತ್ತ ಮುರಿದು ಮುರಿದು, ಕೊನೆಗೆ ಪಲ್ಯ ಹೀರಿ ಮೆತ್ತಗಾದ ನಡುಭಾಗವನ್ನು ಒಂದೇ ತುತ್ತಿಗೆ ಬಾಯಿಗಿಟ್ಟುಕೊಂಡು ಕೈ ಝಾಡಿಸಿ ಹೊರಟ. ಎಂಜಲಿಲ್ಲ, ಮುಸುರೆಯಿಲ್ಲ, ಎರಡನೇ ತೇರಿಲ್ಲ. ತಾಟನ್ನೇ ತಿಂದುಬಿಟ್ಟಿದ್ದ.

ಎಲ್ಲ ಊಟಕ್ಕೂ ರೊಟ್ಟಿ ಹೊಂದುವುದಿಲ್ಲ, ನಿಜ. ಗೋದಿ ಹುಗ್ಗಿ, ಅನ್ನ, ಸಾರು ಎಂದೊಡನೆ ಮತ್ತೆ ತಾಟು ಬೇಕು. ಅದರ ಪಾಠ ಕಲಿತದ್ದು ಧಾರವಾಡದ ನಮ್ಮ ಓಣಿಯ ಗಣಪತಿ ಮಂಡಳಿಯಲ್ಲಿ. ಪ್ರಸಾದದ ದಿನ ಈ ಸಲ ಕಾಗದದ ತಾಟು ಬ್ಯಾಡ, ಸ್ಟೀಲ್ ತಾಟು ತರೋಣ ಎಂದೆ. ಮಂಡಳಿಯ ಹುಡುಗನೊಬ್ಬ ಮೊಬೈಲು ನೋಡಿ, ಪರವಾನಗಿ ಇಲ್ಲದ ಜಾಗದಲ್ಲಿ 100ಕ್ಕಿಂತ ಹೆಚ್ಚು ಜನ ಸೇರಿಸುವುದಾದರೆ ಕಡಿಮೆಯೆಂದರೂ ಮೂರು ಕೆಲಸದ ದಿನ ಮೊದಲು ಪಾಲಿಕೆಗೆ ತಿಳಿಸಬೇಕು, ಕಸ ಬೇರೆ ಬೇರೆ ಮಾಡಿ ಕೊಡಬೇಕು ಎಂದು ಆಗಿದ್ದ 2016ರ ಘನತ್ಯಾಜ್ಯ ನಿಯಮ ಓದಿದ. 'ಹಂಗಾರ ತೊಂಬತ್ತೊಂಬತ್ತು ಮಂದಿಗೆ ಉಣ್ಣಾಕ ಹಾಕೂಣಂತ' ಎಂದರು ಖಜಾಂಚಿ ಮಾಸ್ತರು. ನಗೆ ಮುಗಿದ ಮೇಲೆ ನಿಜವಾದ ಪ್ರಶ್ನೆ ಬಂತು. 'ತಾಟ ತರಬಹುದ್ರೀ. ಮುಸರಿ ತಿಕ್ಕೋರ ಯಾರು? ನೀರ ಎಲ್ಲೈತಿ?'

ನೀರಿನ ಪ್ರಶ್ನೆ ಚೇಷ್ಟೆಯದ್ದಲ್ಲ. ಹುಬ್ಬಳ್ಳಿ-ಧಾರವಾಡ ಅವಳಿನಗರಕ್ಕೆ ಸವದತ್ತಿಯ ಮಲಪ್ರಭೆಯಿಂದ ನೀರು ಬರಬೇಕು. ನಳದ ಪಾಳಿ ಬಂದ ದಿನ ಮದುವೆ ಬಿಟ್ಟು ಮನೆಗೆ ಓಡಿದವರನ್ನು ನಾನು ಬಲ್ಲೆ. ಅಂಥ ಊರಿನಲ್ಲಿ ಇನ್ನೂರು ತಾಟು ತೊಳೆಯುತ್ತೇನೆಂದರೆ ಯಾರಾದರೂ ದಿಟ್ಟಿಸಿ ನೋಡಿಯಾರು.

ಗುಡಿಯ ಟ್ರಸ್ಟಿನ ಬಾಂಡೆ ಸಾಮಾನು ಸಿಕ್ಕಿತು. ನಮ್ಮ ಕಡೆ ಗುಡಿಗೆ ಪಾತ್ರೆ ಕೊಟ್ಟು ಅದರ ಮೇಲೆ ಹೆಸರು ಕೊರೆಸುವ ಪದ್ಧತಿ. ಹೀಗಾಗಿ ಒಂದೊಂದು ತಾಟೂ ಯಾರದೋ ಸ್ಮರಣಾರ್ಥ. ಹುಗ್ಗಿ ತಿಂದಂತೆಲ್ಲ ಸತ್ತವರ ಹೆಸರು ಒಂದೊಂದೇ ಅಕ್ಷರ ತೋರುತ್ತ ಮೇಲೆ ಬರುತ್ತದೆ. ತೊಳೆಯಲು ನಮ್ಮ ಮನೆಯಾಕೆಯೇ ಉಪಾಯ ಹೇಳಿದಳು: ಮೂರು ಬುಟ್ಟಿ ನೀರಿಡಬೇಕು. ಮೊದಲಿಗೆ ತಾಟಿನಲ್ಲಿ ಉಳಿದದ್ದನ್ನು ಬಕೆಟ್ಟಿಗೆ ಬಳಿಯುವುದು, ಆಮೇಲೆ ಬೂದಿ ಹಚ್ಚಿ ಮೊದಲ ಬುಟ್ಟಿಯಲ್ಲಿ ತಿಕ್ಕುವುದು, ಎರಡನೆಯದರಲ್ಲಿ ಅದ್ದುವುದು, ಮೂರನೆಯದರಲ್ಲಿ ಜಾಲಿಸುವುದು. ಮೊದಲ ಬುಟ್ಟಿ ಹೊಲಸಾದಾಗ ಅದನ್ನು ಚೆಲ್ಲಿ, ಎರಡನೆಯದನ್ನು ಮುಂದಕ್ಕೆ ದೂಡಿದರಾಯಿತು. ಹರಿಯುವ ನಳ ಬೇಕಾಗುವುದೇ ಇಲ್ಲ. ಇಷ್ಟು ಹೇಳಿ ಆಕೆ ಒಂದು ಷರತ್ತನ್ನೂ ಹಾಕಿದಳು. 'ನಾವು ಹೆಣ್ಮಕ್ಕಳು ಒಬ್ಬರೂ ಕುಂಡ್ರೂದಿಲ್ಲ. ಉಂಡವರ ತಾಟ ಉಂಡವರ ತೊಳೀಲಿ.'

ಈ ಷರತ್ತಿನಿಂದ ಆದ ಗೊಂದಲ ಗಣಪತಿ ಕೂಡ ಮರೆತಿರಲಿಕ್ಕಿಲ್ಲ. ನಿವೃತ್ತ ಅಧಿಕಾರಿಯೊಬ್ಬರು ಕೈಯಲ್ಲಿ ಎಂಜಲು ತಾಟು ಹಿಡಿದು ಸಾಲಿನಲ್ಲಿ ನಿಂತು, 'ಪ್ರಸಾದಕ್ಕ ಕರದೀರೋ ಕೆಲಸಕ್ಕ ಕರದೀರೋ?' ಎಂದರು. ಒಬ್ಬರು ತಾಟನ್ನು ಮೆಲ್ಲಗೆ ತುಳಸಿಕಟ್ಟೆಯ ಮೇಲಿಟ್ಟು ಪರಾರಿಯಾದರು. ಅದರ ಮೇಲೆ ಯಾರ ಹೆಸರಿತ್ತೋ, ಆ ಆತ್ಮಕ್ಕೆ ಶಾಂತಿ ಸಿಗಲಿ. ಆದರೆ ಎರಡನೇ ಪಂಗ್ತಿಯ ಹೊತ್ತಿಗೆ ಒಂದು ವಿಚಿತ್ರ ಕಂಡೆ. ಬಡಿಸುವ ಹುಡುಗ ಬಂದರೆ ಜನ ತಾಟಿನ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರು. 'ಸಾಕ್ ಸಾಕು, ಇಷ್ಟ ಹಾಕಪಾ.' ಬಿಟ್ಟೆದ್ದರೆ ಅದನ್ನು ಎಲ್ಲರೆದುರು ತಾವೇ ಬಕೆಟ್ಟಿಗೆ ಬಳಿಯಬೇಕಲ್ಲ! ಹಿಂದಿನ ವರ್ಷ ಕಾಗದದ ತಾಟು ಮಡಚಿದರೆ ಅದರ ಹೊಟ್ಟೆಯೊಳಗೆ ಅರ್ಧ ಹುಗ್ಗಿ ಯಾರಿಗೂ ಕಾಣದೆ ಅಡಗುತ್ತಿತ್ತು. ಸ್ಟೀಲ್ ತಾಟನ್ನು ಮಡಚಲು ಬರುವುದಿಲ್ಲ. ಉಳಿದ ಒಂದೂವರೆ ಬಕೆಟ್ ಮುಸುರೆ ಗೌಳಿಗರ ಎಮ್ಮೆಗಳಿಗೆ ಹೋಯಿತು. ಧಾರವಾಡದ ಪೇಢೆಗೆ ಹಾಲು ಅವರದೇ. ಆ ಹುಗ್ಗಿ ಪೇಢೆಯಾಗಿ ಓಣಿಗೆ ತಿರುಗಿ ಬಂದಿದ್ದರೂ ಬಂದಿರಬಹುದು.

ಮರುದಿನ ನಾನು ಸೊಂಟ ಹಿಡಿದುಕೊಂಡು ಮಲಗಿದ್ದೆ. ಬಿಟ್ಟು ಹೋದವರ ತಾಟು ತಿಕ್ಕಿದ್ದು ಯಾರೆಂದು ಹೇಳಬೇಕಾಗಿಲ್ಲ.

ತಾಟಿನ ಮಾತಿನಲ್ಲಿ ಕೈಚೀಲದ ಮಾತು ಮರೆತೆ. ನಮ್ಮ ಕಾಕಾ ಪ್ರತಿ ವರ್ಷ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹಳ್ಳಿಯಿಂದ ಬರುತ್ತಾನೆ. ಹೋಗುವಾಗ ಬರಿಗೈ, ಬರುವಾಗ ಹೆಗಲ ತುಂಬ ಬೀಜದ ಕಂಪನಿಗಳ ಚೀಲ, ಚೀಲದೊಳಗೆ ಚೀಲ, ಅದರೊಳಗೆ ಓದದ ಕರಪತ್ರಗಳು, ತಲೆಯ ಮೇಲೆ ಒಂದರ ಮೇಲೊಂದು ಎರಡು ಟೊಪ್ಪಿಗೆ. 'ಇಷ್ಟೆಲ್ಲಾ ಯಾಕ ಕಾಕಾ?' ಎಂದರೆ, 'ಪುಕ್ಕಟ ಕೊಟ್ರು, ಒಲ್ಲೆ ಅಂದ್ರ ಪಾಪ ಅವರಿಗೆ ಬ್ಯಾಸರ ಆಗತೈತಿ' ಎನ್ನುತ್ತಾನೆ. ಇಂಥ ಮೃದು ಮನಸ್ಸಿಗೆ ನನ್ನಲ್ಲಿ ಔಷಧವಿಲ್ಲ. ಎರಡು ಚೀಲ ನಮ್ಮ ಮನೆಯಲ್ಲೂ ಇವೆ.

ಕಳೆದ ಶಿವರಾತ್ರಿಯ ಮರುದಿನ ಹುಬ್ಬಳ್ಳಿಗೆ, ಸಿದ್ಧಾರೂಢರ ತೇರಿಗೆ ಹೊರಟಾಗ ಅವ್ವನ ತಾಟುಗಳಲ್ಲಿ ಒಂದನ್ನು ಟ್ರಂಕಿನಿಂದ ತೆಗೆದು ಚೀಲಕ್ಕೆ ಹಾಕಿಕೊಂಡೆ. ಬಸ್ಸಿನಲ್ಲಿ ಅದು ನೀರಿನ ಬಾಟಲಿಗೆ ಬಡಿದು ಠಣ್ಣೆಂದಿತು. ಯಾರೂ ತಿರುಗಿ ನೋಡಲಿಲ್ಲ, ಎಲ್ಲರ ಕಿವಿಯಲ್ಲೂ ಏನೋ ತುರುಕಿತ್ತು. ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆದದ್ದಾಯಿತು. ಸಂಜೆ ಗಿರಮಿಟ್ಟಿನ ಗಾಡಿಯ ಮುಂದೆ ನಿಂತೆ. ಚುರಮುರಿ, ಹುಳಿಗೊಜ್ಜು, ಪುಠಾಣಿ ಹಿಟ್ಟು, ಉಳ್ಳಾಗಡ್ಡಿ ಎಲ್ಲ ಕಲಸಿ, ಗಾಡಿಯವ ಕಾಗದದ ತಾಟಿಗೆ ಕೈ ಹಾಕುವಷ್ಟರಲ್ಲಿ ನನ್ನ ತಾಟು ಮುಂದೊಡ್ಡಿದೆ. ಅವನು ತಾಟು ನೋಡಿದ, ನನ್ನನ್ನು ನೋಡಿದ, ಏನೂ ಅನ್ನದೆ ಗಿರಮಿಟ್ಟು ಸುರಿದ. ಅಷ್ಟಗಲದ ತಾಟಿನಲ್ಲಿ ಅದು ಬಯಲಿನಲ್ಲಿ ಬಿದ್ದ ಗುಬ್ಬಿಗೂಡಿನಂತೆ ಮೂಲೆಯಲ್ಲಿ ಕೂತಿತು. ಅವನಿಗೇ ಸಂಕೋಚವಾಯಿತೇನೋ.

'ತಾಟ ಭಾಳ ದೊಡ್ಡದು ತಂದೀರಿ ಬಿಡ್ರಿ ಅಜ್ಜಾರ' ಎಂದು ಇನ್ನೆರಡು ಮುಷ್ಟಿ ಹಾಕಿ, ಮೇಲೊಂದು ಮಿರ್ಚಿ ಇಟ್ಟ.